ಹೊಂಡ ದೊಡ್ಡದು ಮಾಡಲು ಜೆಸಿಬಿ ಸಾಕಾ, ಹಿಟಾಚಿ ಬೇಕಾ?

ಬೆಂಗಳೂರಿನ ಆನೇಕಲ್ ಕಡೆ ನಮ್ಮ ತೋಟದಲ್ಲಿ ಕೃಷಿ ಹೊಂಡ ಇದೆ. ಬೇಸಿಗೆಗೆ ನೀರು ಸಾಲುತ್ತಿರಲಿಲ್ಲ, ದೊಡ್ಡದು ಮಾಡಿಸಿದೆವು. ಸುತ್ತಮುತ್ತಲಿನವರು ಹೇಳಿದ್ದು ಒಂದೇ: "ಜೆಸಿಬಿ ಕರೆಸಿ ಸಾರ್, ಗಂಟೆ ಬಾಡಿಗೆ ಕಮ್ಮಿ."

ಕಮ್ಮಿ ಅನ್ನೋದು ನಿಜ. ಆದರೆ ಜೆಸಿಬಿಗೆ ಇರುವುದು ಟೈರು, ತೂಕ ಏಳೆಂಟು ಟನ್. ಹೊಂಡದ ಅಂಚು ಎಷ್ಟು ಹಸಿಯಾಗಿತ್ತೆಂದರೆ ಕಾಲಿಟ್ಟರೆ ಹಿಮ್ಮಡಿ ಹೂತುಹೋಗುತ್ತಿತ್ತು. ಅಲ್ಲಿ ಟೈರು ನಿಲ್ಲುತ್ತಾ? ಹಿಟಾಚಿ, ಅಂದರೆ ಟೈರಿನ ಬದಲು ಚೈನಿನ ಮೇಲೆ ಓಡುವ ಅಗೆಯುವ ಯಂತ್ರ, ತೂಕ ಜಾಸ್ತಿಯೇ, ಆದರೆ ಚೈನಿನ ಮೇಲೆ ಭಾರ ಹಂಚಿಹೋಗುತ್ತದೆ. 20 ಟನ್ನಿನದಾದರೆ ತೋಳು ಸುಮಾರು 9 ಮೀಟರ್ ಚಾಚುತ್ತದೆ. ಹಸಿ ಅಂಚಿಗೆ ಹೋಗದೆ, ಗಟ್ಟಿ ನೆಲದಲ್ಲೇ ನಿಂತು ಅಗೆಯಬಹುದು. ಅದನ್ನೇ ಕರೆಸಿದೆವು. ಹೊತ್ತು ತರುವ ಟ್ರೈಲರ್ ಬಾಡಿಗೆ ಬೇರೆ, ಮೊದಲೇ ಮಾತಾಡಿಕೊಳ್ಳಿ.

ನಿಜವಾದ ತಲೆನೋವು ಅಗೆತ ಅಲ್ಲ, ಮಣ್ಣು ಸಾಗಿಸುವುದು. 10 ಮೀಟರ್ ಉದ್ದ, 10 ಅಗಲ, 3 ಆಳ ಅಂದರೆ 300 ಘನ ಮೀಟರ್. ಅಗೆದ ಮೇಲೆ ಹೆಚ್ಚುಕಮ್ಮಿ ಕಾಲು ಭಾಗ ಉಬ್ಬುತ್ತದೆ. 3 ಘನ ಮೀಟರ್ ಹಿಡಿಯುವ ಟ್ರ್ಯಾಕ್ಟರಿಗೆ ನೂರಕ್ಕೂ ಜಾಸ್ತಿ ಲೋಡ್! ಇಂಜಿನ್ ಆನ್ ಇದ್ದರೆ ಹಿಟಾಚಿ ಸುಮ್ನೆ ನಿಂತರೂ ಬಾಡಿಗೆ ಗಂಟೆಯ ಮೀಟರ್ ಓಡುತ್ತದೆ ಅಲ್ವಾ? ಅದಕ್ಕೇ ಎರಡು ಟ್ರ್ಯಾಕ್ಟರ್ ಇಟ್ಟೆವು. ಕಪ್ಪು ಹೂಳು ತೆಂಗಿನ ಬುಡಕ್ಕೆ ಹೋಯಿತು, ಜೇಡಿಮಣ್ಣು ಏರಿಗೆ. ತಳದಲ್ಲಿ ಗರಸು ಕಂಡ ಕೂಡಲೇ ಅಗೆತ ನಿಲ್ಲಿಸಿದೆವು, ಇಲ್ಲದಿದ್ದರೆ ನೀರು ಇಂಗಿಹೋಗುತ್ತಿತ್ತು.

ಕೊನೆಗೆ ಆಪರೇಟರ್ ಬಕೆಟ್ಟಿನ ಬೆನ್ನಿನಿಂದ ದಡ ತಟ್ಟಿ ತಟ್ಟಿ, ಒಂದಕ್ಕೆ ಒಂದೂವರೆ ಇಳಿಜಾರು (ಒಂದು ಅಡಿ ಆಳಕ್ಕೆ ಒಂದೂವರೆ ಅಡಿ ಅಡ್ಡಕ್ಕೆ) ಕೊಟ್ಟರು. ಇದಕ್ಕೆ ಇನ್ನೊಂದು ಗಂಟೆ ಕೇಳಿದರೆ ಚೌಕಾಸಿ ಮಾಡಬೇಡಿ. ನೇರ ದಡ ಮಳೆಗೆ ಕುಸಿಯುತ್ತದೆ.