ಸೀಟಿ ಊದುವ ಮೊದಲು ನಿಲ್ಲುವ ಜಾಗ

ನಿಯಮಗಳನ್ನು ಬಾಯಿಪಾಠ ಮಾಡಿ ಬ್ಯಾಸ್ಕೆಟ್‌ಬಾಲ್ ರೆಫರಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದವರೂ ಕೋರ್ಟಿಗಿಳಿದಾಗ ತಪ್ಪು ಸೀಟಿ ಊದುತ್ತಾರೆ. ಕಾರಣ ಹುಡುಕುತ್ತಾ ಹೋದರೆ ಹೆಚ್ಚಿನ ಸಲ ಸಿಗುವುದು ಒಂದೇ: ಅವರು ನಿಂತ ಜಾಗದಿಂದ ಇಬ್ಬರು ಆಟಗಾರರ ನಡುವಿನ ಸಂದು ಕಾಣುತ್ತಿರಲಿಲ್ಲ. ಒಬ್ಬನ ಬೆನ್ನು ಕಂಡಿತು, ಇನ್ನೊಬ್ಬ ಬಿದ್ದದ್ದು ಕಂಡಿತು, ಮಧ್ಯೆ ನಡೆದದ್ದನ್ನು ಊಹಿಸಿ ಊದಿದರು. ಬ್ಯಾಸ್ಕೆಟ್‌ಬಾಲ್ ರೆಫರಿಯಾಗಿ ನಾನು ರೂಢಿಸಿಕೊಂಡದ್ದೆಲ್ಲ ಈ ಊಹೆಯನ್ನು ಕಡಿಮೆ ಮಾಡುವುದಕ್ಕಾಗಿ. ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದಡಿ ಜಿಲ್ಲಾ, ರಾಜ್ಯ ಮಟ್ಟದ ಪಂದ್ಯ ನಡೆಸುವ, ನಡೆಸಬೇಕೆಂದಿರುವ ಕನ್ನಡಿಗರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಮ್ಮಲ್ಲಿ ಇದೊಂದೇ ಕೆಲಸದಿಂದ ಮನೆ ನಡೆಯುವುದಿಲ್ಲ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಒಂದು ತಂಡ ಒಂದು ಸೀಸನ್ನಿಗೆ 82 ಪಂದ್ಯ ಆಡುತ್ತದೆ, ಅಲ್ಲಿ ರೆಫರಿಗಿರಿ ಪೂರ್ಣಾವಧಿ ಉದ್ಯೋಗ. ಇಲ್ಲಿ ದೈಹಿಕ ಶಿಕ್ಷಣ ಶಿಕ್ಷಕರು, ರೈಲ್ವೆಯವರು, ಬ್ಯಾಂಕಿನವರು ಸಂಜೆಯನ್ನೂ ರಜೆಯನ್ನೂ ಹೊಂದಿಸಿಕೊಂಡು ಬರುತ್ತಾರೆ. ದಾರಿ ಜಿಲ್ಲೆಯಿಂದ ರಾಜ್ಯ ಸಂಸ್ಥೆಯ ಪರೀಕ್ಷೆಗೆ, ಅಲ್ಲಿಂದ ರಾಷ್ಟ್ರೀಯ ಪ್ಯಾನೆಲ್‌ಗೆ, ಆಮೇಲೆ ಫೀಬಾ ಲೈಸೆನ್ಸಿಗೆ. ಫೀಬಾ ಲೈಸೆನ್ಸಿನ ಅವಧಿ ಎರಡು ವರ್ಷ, ಮತ್ತೆ ಪರೀಕ್ಷೆ ಕೊಟ್ಟು ಉಳಿಸಿಕೊಳ್ಳಬೇಕು.

ಸಾಮಾನಿನಲ್ಲಿ ಸೀಟಿಗೆ ಮಾತ್ರ ಚೌಕಾಸಿ ಮಾಡಬೇಡಿ. ಒಳಗೆ ಕಾಳು ಇರುವ ಹಳೆಯ ಸೀಟಿಯನ್ನು ಜೋರಾಗಿ ಊದಿದರೆ ಕಾಳು ಸಿಕ್ಕಿಕೊಂಡು ಸದ್ದೇ ಹೊರಡುವುದಿಲ್ಲ. ಈ ತೊಂದರೆಯಿಂದ ಬೇಸತ್ತ ಕೆನಡಾದ ಬ್ಯಾಸ್ಕೆಟ್‌ಬಾಲ್ ರೆಫರಿ ರಾನ್ ಫಾಕ್ಸ್‌ಕ್ರಾಫ್ಟ್ ಕಾಳಿಲ್ಲದ ಫಾಕ್ಸ್ 40 ಸೀಟಿಯನ್ನು 1987ರಲ್ಲಿ ಹೊರತಂದರು. ನಾನು ಅದೇ ಬಗೆಯ ಎರಡು ಸೀಟಿ ಇಟ್ಟುಕೊಳ್ಳುತ್ತೇನೆ. ಒಂದು ಕೊರಳಲ್ಲಿ, ಇನ್ನೊಂದು ಟೇಬಲ್ ಮೇಲಿನ ಚೀಲದಲ್ಲಿ. ಪಂದ್ಯ ಮುಗಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು, ಎಂಜಲು ಒಣಗಿದರೆ ಸ್ವರ ಮಂಕಾಗುತ್ತದೆ. ಊದುವುದು ಒಂದೇ ಸಲ, ಚಿಕ್ಕದಾಗಿ, ಹೊಟ್ಟೆಯಿಂದ. ಎರಡು ಮೂರು ಸಲ ಪೀ ಪೀ ಎಂದರೆ ರೆಫರಿಗೇ ಗ್ಯಾರಂಟಿ ಇಲ್ಲವೆಂದು ಆಟಗಾರರಿಗೆ ತಿಳಿದುಬಿಡುತ್ತದೆ.

ದೇಹದ ತಯಾರಿಗೆ 20 ಮೀಟರ್ ಶಟಲ್ ಓಟ (ಎರಡು ಗೆರೆಗಳ ನಡುವೆ ಅತ್ತಿತ್ತ ಓಡುವುದು) ಮುಖ್ಯ, ಪರೀಕ್ಷೆಯಲ್ಲಿ ಬರುವುದೂ ಅದೇ. ಬೀಪ್ ಸದ್ದಿಗೆ ಸರಿಯಾಗಿ ಗೆರೆ ಮುಟ್ಟಬೇಕು, ಸುಮಾರು ಒಂದೊಂದು ನಿಮಿಷಕ್ಕೆ ವೇಗ ಗಂಟೆಗೆ ಅರ್ಧ ಕಿಲೋಮೀಟರ್ ಏರುತ್ತದೆ. ನಾನು ಇಟ್ಟುಕೊಂಡ ಗುರಿ 90 ಸುತ್ತು. ಅಂದರೆ 1800 ಮೀಟರ್, ಹತ್ತು ನಿಮಿಷಕ್ಕೆ ತುಸು ಹೆಚ್ಚು. ವಾರದಲ್ಲಿ ಒಂದು ದಿನ ಇದು. ಇನ್ನೆರಡು ದಿನ ಕೋರ್ಟಿನ ಉದ್ದದ 28 ಮೀಟರನ್ನು ಪೂರ್ತಿ ವೇಗದಲ್ಲಿ ಓಡಿ, ನಡೆದು ವಾಪಸ್ ಬರುವುದು, ಇಪ್ಪತ್ತು ಸಲ. ಸಿಮೆಂಟ್ ಕೋರ್ಟಿನಲ್ಲಿ ದಿನಕ್ಕೆ ಮೂರು ಪಂದ್ಯ ನಡೆಸುವವರಿಗೆ ಮೊದಲು ಕೈಕೊಡುವುದು ಮೊಣಕಾಲಿನ ಕೆಳಗಿನ ಮುಂಭಾಗದ ಮೂಳೆ ಮತ್ತು ಹಿಮ್ಮಡಿಯ ಮೇಲಿನ ನರ. ಮೀನಖಂಡಕ್ಕೆ ದಿನಾ ವ್ಯಾಯಾಮ ಕೊಡಿ, ಶೂ ಅಡಿಭಾಗ ಸವೆಯುವ ಮೊದಲೇ ಬದಲಿಸಿ. ಹಿಮ್ಮುಖವಾಗಿ ಓಡುವ ಚಾಳಿ ಬಿಡಿ. ಮುಖ ಮುಂದಿಟ್ಟೇ ಓಡಿ, ಕತ್ತು ತಿರುಗಿಸಿ ಆಟ ನೋಡಿ.

ಇನ್ನು ನಿಲ್ಲುವ ಜಾಗ. ಜಿಲ್ಲಾ ಪಂದ್ಯಗಳಲ್ಲಿ ಸಾಮಾನ್ಯವಾಗಿ ಇಬ್ಬರೇ ರೆಫರಿಗಳು. ರಿಂಗ್ ಹಿಂದಿನ ಎಂಡ್‌ಲೈನಿನ ಆಚೆ ನಿಲ್ಲುವವನು ಲೀಡ್, ಆಟದ ಹಿಂದೆ ಬರುವವನು ಟ್ರೇಲ್. ಟ್ರೇಲ್ ಆದಾಗ ಬಾಲ್ ಇರುವವನಿಂದ ಮೂರು ನಾಲ್ಕು ಮೀಟರ್ ಹಿಂದೆ, ಸ್ವಲ್ಪ ಎಡಕ್ಕೆ ಇರುತ್ತೇನೆ. ನನ್ನ ಎಡಗಡೆಯ ಸೈಡ್‌ಲೈನ್, ಮಧ್ಯದ ಗೆರೆ, ಶಾಟ್ ಹೋದ ಮೇಲೆ ಬಾಲಿನ ಹಾರಾಟ ನನ್ನವು. ಎಂಡ್‌ಲೈನ್ ಮತ್ತು ಎದುರುಗಡೆಯ ಸೈಡ್‌ಲೈನ್ ಲೀಡ್‌ನವು. ಹೊಸಬರ ದೊಡ್ಡ ತಪ್ಪೆಂದರೆ ಇಬ್ಬರೂ ಬಾಲನ್ನೇ ನೋಡುವುದು. ಬಾಲ್ ಟ್ರೇಲ್ ಕಡೆ ಇದ್ದರೆ ಲೀಡ್ ಕಣ್ಣು ರಿಂಗ್ ಕೆಳಗಿನ ತಳ್ಳಾಟದ ಮೇಲಿರಬೇಕು. ಜಗಳ ಹುಟ್ಟುವುದು ಅಲ್ಲೇ. ಯಾರೂ ನೋಡದ ಒಂದು ಮೊಣಕೈ ಏಟು ಐದು ನಿಮಿಷದ ನಂತರ ಹೊಡೆದಾಟವಾಗಿ ತಿರುಗಿಬರುತ್ತದೆ.

ಮೂವರು ರೆಫರಿಗಳಿದ್ದರೆ ಸೆಂಟರ್ ಎಂಬ ಮೂರನೆಯವನು ಟ್ರೇಲ್‌ನ ಎದುರು ಬದಿಯಲ್ಲಿ, ಫ್ರೀ ಥ್ರೋ ಗೆರೆಯ ನೇರಕ್ಕೆ ನಿಲ್ಲುತ್ತಾನೆ. ಲೀಡ್ ಮತ್ತು ಟ್ರೇಲ್ ಒಂದೇ ಬದಿ. ಬಾಲ್ ಸೆಂಟರ್ ಕಡೆಗೆ ಹೋಗಿ ಅಲ್ಲೇ ನೆಲೆ ನಿಂತರೆ ಲೀಡ್ ಎಂಡ್‌ಲೈನ್ ಹಿಡಿದು ಆ ಬದಿಗೆ ದಾಟುತ್ತಾನೆ. ಅದನ್ನು ನೋಡಿ ಸೆಂಟರ್ ಮೇಲಕ್ಕೆ ಸರಿದು ಟ್ರೇಲ್ ಆಗುತ್ತಾನೆ, ಹಳೆಯ ಟ್ರೇಲ್ ಇಳಿದು ಸೆಂಟರ್ ಆಗುತ್ತಾನೆ. ಈ ಅದಲುಬದಲನ್ನು ಶುರುಮಾಡುವ ಹಕ್ಕು ಲೀಡ್‌ಗೆ ಮಾತ್ರ. ನಾನು ಮೊದಲು ಬೋರ್ಡಿನ ಅಂಚಿನವರೆಗೆ ಸರಿದು ನಿಂತು ನೋಡುತ್ತೇನೆ. ಬಾಲ್ ಇರುವವನು ರಿಂಗ್ ಕಡೆ ನುಗ್ಗುವ ಡ್ರೈವ್ ಶುರುವಾಗಿದ್ದರೆ, ಶಾಟ್ ಹೊರಡುವ ಸೂಚನೆಯಿದ್ದರೆ ದಾಟುವುದಿಲ್ಲ. ದಾಟುವಾಗ ಚುರುಕಾಗಿ ನಡೆಯುತ್ತೇನೆ, ತಲೆ ಆಟದ ಕಡೆಗೇ. ಅರ್ಧ ದಾರಿಯಲ್ಲಿ ರಿಂಗ್ ಕೆಳಗೆ ಸಿಕ್ಕಿಬಿದ್ದ ಲೀಡ್‌ಗೆ ಏನೂ ಕಾಣುವುದಿಲ್ಲ, ಆಗ ಬರುವ ಸೀಟಿ, ಬರೀ ಸದ್ದು ಕೇಳಿ ಊದಿದ ಸೀಟಿ.

ಮೂವರ ಚಲನೆ ಕಲಿಯಲು ನನಗೆ ಹೆಚ್ಚು ನೆರವಾದದ್ದು ವಿಡಿಯೋ. 2017ರ ಜುಲೈಯಲ್ಲಿ ಮಹಿಳೆಯರ ಏಷ್ಯಾ ಕಪ್ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲೇ ನಡೆಯಿತು, ಭಾರತ ಬಿ ವಿಭಾಗ ಗೆದ್ದಿತು. ಅಂಥ ಪಂದ್ಯ ನೋಡುವಾಗ ಸ್ಕೋರ್ ಮರೆತು ಒಬ್ಬ ರೆಫರಿಯ ಕಾಲನ್ನು ಮಾತ್ರ ಒಂದು ಕ್ವಾರ್ಟರ್ ಪೂರ್ತಿ ನೋಡಿ. ಎಲ್ಲಿ ನಿಂತ, ಯಾವಾಗ ಒಂದು ಹೆಜ್ಜೆ ಪಕ್ಕಕ್ಕಿಟ್ಟ, ಯಾಕಿಟ್ಟ ಎಂದು ಬರೆದುಕೊಳ್ಳಿ. ಆ ಒಂದು ಹೆಜ್ಜೆ ಹೆಚ್ಚಿನ ಸಲ ಇಬ್ಬರ ನಡುವಿನ ಸಂದು ತೆರೆದುಕೊಳ್ಳಲು ಇಟ್ಟದ್ದೇ ಆಗಿರುತ್ತದೆ.

ಇಬ್ಬರು ಡಿಕ್ಕಿ ಹೊಡೆದಾಗ ಬ್ಲಾಕಿಂಗೋ (ರಕ್ಷಣೆಯವನ ಫೌಲ್) ಚಾರ್ಜಿಂಗೋ (ಬಾಲ್ ಇರುವವನ ಫೌಲ್) ಎಂಬ ತೀರ್ಮಾನಕ್ಕೆ ಬಾಲ್ ಇರುವವನನ್ನು ನೋಡುತ್ತಾ ಕೂತರೆ ಕೆಟ್ಟೆವು. ಡ್ರೈವ್ ಹೊರಟ ಕೂಡಲೇ ನನ್ನ ಕಣ್ಣು ರಕ್ಷಣೆಯವನ ಮೇಲೆ ಹೋಗುತ್ತದೆ. ಎದುರಾಳಿಗೆ ಮುಖ ಕೊಟ್ಟು ಎರಡೂ ಕಾಲು ನೆಲಕ್ಕಿಟ್ಟನೇ? ಎದುರಾಳಿ ಮೇಲಕ್ಕೆ ಹಾರುವ ಮೊದಲೇ ಆ ಜಾಗಕ್ಕೆ ಬಂದನೇ? ತಾಗಿದ್ದು ಎದೆಗೋ, ಭುಜದ ಪಕ್ಕಕ್ಕೋ? ಮೂರಕ್ಕೂ ಉತ್ತರ ಕೈಯಲ್ಲಿದ್ದರೆ ಸೀಟಿ ತಾನಾಗಿ ಬರುತ್ತದೆ. ಕಾಲು ಅಲ್ಲಾಡುತ್ತಿತ್ತು ಎಂಬ ಒಂದೇ ಕಾರಣಕ್ಕೆ ಬ್ಲಾಕಿಂಗ್ ಕೊಡುವವರು ಬಹಳ. ಅದು ತಪ್ಪು, ನೆಲೆ ಹಿಡಿದ ಮೇಲೆ ಪಕ್ಕಕ್ಕೂ ಹಿಂದಕ್ಕೂ ಸರಿಯುವ ಹಕ್ಕು ಅವನಿಗಿದೆ. ರಿಂಗ್ ಕೆಳಗಿನ 1.25 ಮೀಟರ್ ಅರ್ಧವೃತ್ತದ ಗೆರೆಯನ್ನು ರಕ್ಷಣೆಯವನು ತುಳಿದಿದ್ದರೆ ಒಳಗಿದ್ದಂತೆಯೇ ಲೆಕ್ಕ. ಗಾಳಿಯಲ್ಲಿರುವವನು ಅಲ್ಲಿ ಬಂದು ತಾಗಿದರೆ ಚಾರ್ಜಿಂಗ್ ಇಲ್ಲ. ಆದರೆ ಅವನು ಕೈಯಿಂದ, ಮೊಣಕಾಲಿನಿಂದ ಅಕ್ರಮವಾಗಿ ತಳ್ಳಿದರೆ ಆ ರಕ್ಷಣೆ ಅವನಿಗೆ ಸಿಗುವುದಿಲ್ಲ.

ಟ್ರಾವೆಲಿಂಗ್ (ಬಾಲ್ ಹಿಡಿದು ಮಿತಿ ಮೀರಿ ಹೆಜ್ಜೆ ಹಾಕುವುದು) ಬಗ್ಗೆ ಪ್ರೇಕ್ಷಕರ ಕೂಗಿಗೆ ಕಿವಿಗೊಡಬೇಡಿ. 2017ರ ಅಕ್ಟೋಬರ್‌ನಿಂದ ಫೀಬಾ ನಿಯಮದಲ್ಲಿ ಸೊನ್ನೆ ಹೆಜ್ಜೆ ಬಂದಿದೆ. ಓಡುತ್ತಾ ಬಾಲ್ ಹಿಡಿದ ಕ್ಷಣದಲ್ಲಿ ನೆಲದಲ್ಲಿದ್ದ ಕಾಲು ಲೆಕ್ಕಕ್ಕಿಲ್ಲ, ಆಮೇಲಿನವು ಒಂದು, ಎರಡು. ಹಾಗಾಗಿ ಮೊದಲು ಕೈ ನೋಡಬೇಕು, ಆಮೇಲೆ ಕಾಲು. ಬಾಲ್ ಎರಡು ಕೈಗೆ ಬಂತೇ, ಅಥವಾ ಒಂದೇ ಅಂಗೈ ಮೇಲೆ ಕೂತಿತೇ, ಆ ಕ್ಷಣ ಹಿಡಿದರೆ ಎಣಿಕೆ ತಪ್ಪುವುದಿಲ್ಲ. ನಿಂತವನು ಡ್ರಿಬಲ್ ಶುರುಮಾಡುವಾಗ ಮಾತ್ರ ಮಾತೇ ಬೇರೆ, ಬಾಲ್ ಕೈ ಬಿಡುವ ಮೊದಲು ಪಿವಟ್ ಕಾಲು (ನೆಲಕ್ಕೂರಿ ನಿಂತ ಕಾಲು) ಎದ್ದರೆ ಟ್ರಾವೆಲಿಂಗ್. ನಮ್ಮ ಶಾಲಾ ಪಂದ್ಯಗಳಲ್ಲಿ ಬಿಟ್ಟುಹೋಗುವುದು ಹೆಚ್ಚಾಗಿ ಈ ಎರಡನೆಯದು, ಸುಮ್ಮನೆ ಊದುವುದು ಮೊದಲನೆಯದು.

ಗಡಿಯಾರದ ತಪ್ಪುಗಳು ಪಂದ್ಯ ಹಾಳುಮಾಡುವಷ್ಟು ಫೌಲ್ ತಪ್ಪುಗಳು ಮಾಡುವುದಿಲ್ಲ. ಆಟ ನಿಂತಾಗಲೆಲ್ಲ ಎರಡೂ ಗಡಿಯಾರ (ಪಂದ್ಯದ್ದು, ಮತ್ತು ದಾಳಿಗೆ ಸಿಗುವ 24 ಸೆಕೆಂಡ್ ಎಣಿಸುವ ಶಾಟ್ ಕ್ಲಾಕ್) ನೋಡಿ, ಸಂಖ್ಯೆಯನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ: "ನಾಲ್ಕು ಹನ್ನೆರಡು, ಒಂಬತ್ತು." ಬಾಲ್ ರಿಂಗ್ ಮುಟ್ಟದೆ ಹೋದಾಗ ಶಾಟ್ ಕ್ಲಾಕ್ ನೋಡಿಕೊಳ್ಳುವ ಹುಡುಗ ಮತ್ತೆ ಹೊಸದಾಗಿ ಎಣಿಸುವ ಗುಂಡಿ ಒತ್ತಿಬಿಡುವುದು ಸಾಮಾನ್ಯ. ಆಗ ಹಳೆಯ ಸಂಖ್ಯೆ ರೆಫರಿಗೆ ನೆನಪಿರಲೇಬೇಕು. ರಿಂಗ್ ಮುಟ್ಟಿ ಅದೇ ತಂಡಕ್ಕೆ ಬಾಲ್ ಸಿಕ್ಕರೆ 14. ಮುಂದಿನ ಅಂಕಣದಲ್ಲಿ (ಎದುರಾಳಿಯ ರಿಂಗ್ ಇರುವ ಅರ್ಧದಲ್ಲಿ) ರಕ್ಷಣೆಯವರ ಫೌಲ್ ಆಗಿ ಪಕ್ಕದಿಂದ ಎಸೆತ ಬಂದರೆ, 14 ಅಥವಾ ಹೆಚ್ಚು ಉಳಿದಿದ್ದರೆ ಅಲ್ಲಿಂದಲೇ ಮುಂದುವರಿಕೆ, 13 ಅಥವಾ ಕಡಿಮೆ ಇದ್ದರೆ 14ಕ್ಕೆ ಏರಿಸಬೇಕು. ಎಂಟು ಸೆಕೆಂಡಿನೊಳಗೆ ಬಾಲ್ ಮಧ್ಯದ ಗೆರೆ ದಾಟಬೇಕೆಂಬ ನಿಯಮಕ್ಕೆ ಕೈ ಬೀಸಿ ಎಣಿಸುವುದಕ್ಕಿಂತ ಶಾಟ್ ಕ್ಲಾಕ್ ನೋಡುವುದು ಲೇಸು, 24ರಿಂದ 16ಕ್ಕೆ ಇಳಿಯಿತೆಂದರೆ ಎಂಟು ಮುಗಿಯಿತು. ಇಲ್ಲೊಂದು ಸಿಕ್ಕು ಇದೆ. ಹಿಂದಿನ ಅಂಕಣದಲ್ಲೇ (ತಮ್ಮ ಅರ್ಧದಲ್ಲೇ) ಎದುರಾಳಿ ಬಾಲನ್ನು ಹೊರಗೆ ತಟ್ಟಿದರೆ ಎಂಟರ ಎಣಿಕೆ ಹೊಸದಾಗುವುದಿಲ್ಲ, ಉಳಿದಷ್ಟೇ ಮುಂದುವರಿಯುತ್ತದೆ. ಎಸೆತಕ್ಕೆ ಬಾಲ್ ಕೊಡುವಾಗ "ಮೂರು ಸೆಕೆಂಡ್ ಉಂಟು" ಎಂದು ಆಟಗಾರನಿಗೆ ಹೇಳಿಬಿಟ್ಟರೆ ಆಮೇಲಿನ ವಾದ ತಪ್ಪುತ್ತದೆ.

ಟೇಬಲ್‌ನವರು (ಸ್ಕೋರ್, ಗಡಿಯಾರ ನೋಡಿಕೊಳ್ಳುವವರು) ರೆಫರಿಯ ಅರ್ಧ ಬಲ. ಕೋರ್ಟಿಗೆ ಪಂದ್ಯಕ್ಕಿಂತ 20 ನಿಮಿಷ ಮೊದಲೇ ಬಂದಿರಬೇಕು, ರೆಫರಿಯ ಅಧಿಕಾರ ಶುರುವಾಗುವುದೇ ಆಗ. ನಾನು ಟೇಬಲ್‌ಗೆ ಹೋಗಿ ಮೂರು ವಿಷಯ ನೋಡುತ್ತೇನೆ. ಎರಡು ಬಣ್ಣದ ಪೆನ್ನು ಇದೆಯೇ (ಒಂದು, ಮೂರನೇ ಕ್ವಾರ್ಟರ್‌ಗೆ ಕೆಂಪು, ಉಳಿದೆರಡಕ್ಕೆ ನೀಲಿ ಅಥವಾ ಕಪ್ಪು). ಸರದಿ ಬಾಣ (ಮುಂದಿನ ಸರದಿಯ ಬಾಲ್ ಯಾವ ತಂಡಕ್ಕೆಂದು ತೋರಿಸುವ ಗುರುತು) ಯಾರ ಕೈಯಲ್ಲಿದೆ. ಟೀಮ್ ಫೌಲಿನ ಕೆಂಪು ಗುರುತು ಎಲ್ಲಿದೆ. ಒಂದು ಕ್ವಾರ್ಟರ್‌ನಲ್ಲಿ ನಾಲ್ಕು ಟೀಮ್ ಫೌಲ್ ತುಂಬಿದ ಮೇಲೆ ಆ ಗುರುತು ಏಳದಿದ್ದರೆ ಐದನೆಯದಕ್ಕೆ ಎರಡು ಫ್ರೀ ಥ್ರೋ ಕೊಡುವುದು ಮರೆತುಹೋಗುತ್ತದೆ. ಆ ತಪ್ಪನ್ನು ತಿದ್ದಲೂ ಗಡುವಿದೆ: ತಪ್ಪಾದ ಮೇಲೆ ಗಡಿಯಾರ ಓಡಿ, ಮೊದಲ ಸಲ ಆಟ ನಿಂತು, ಬಾಲ್ ಮತ್ತೆ ಜೀವಂತವಾಗುವ ಮೊದಲು. ಹಳೆಯ ಕೋರ್ಟಾದರೆ ಮೂರು ಅಂಕದ ಗೆರೆಯನ್ನೂ ನೋಡಿಕೊಳ್ಳಿ. 2010ರಲ್ಲಿ ಅದು 6.25ರಿಂದ 6.75 ಮೀಟರಿಗೆ ಹೋಯಿತು. ಎರಡೂ ಗೆರೆಗಳು ನೆಲದ ಮೇಲಿದ್ದರೆ ಯಾವುದು ಲೆಕ್ಕ ಎಂದು ಇಬ್ಬರು ಕೋಚ್‌ಗಳನ್ನೂ ಕರೆದು ಮೊದಲೇ ತೋರಿಸಿ.

ಫೌಲ್ ಊದಿದ ಮೇಲೆ ಟೇಬಲ್‌ಗೆ ಹೇಳುವುದು ಓಡುತ್ತಾ ಮಾಡುವ ಕೆಲಸವಲ್ಲ. ಸ್ಕೋರರ್ ಕಣ್ಣಿಗೆ ಅಡ್ಡವಿಲ್ಲದ ಕಡೆ ನಿಂತು ಮೊದಲು ಸಂಖ್ಯೆ, ಆಮೇಲೆ ಫೌಲಿನ ಬಗೆ, ಕೊನೆಗೆ ಫ್ರೀ ಥ್ರೋ ಎಷ್ಟು ಅಥವಾ ಬಾಲ್ ಯಾವ ಕಡೆಗೆ. ಹದಿನಾರರಿಂದ ಮೇಲಿನ ಸಂಖ್ಯೆಗಳಲ್ಲಿ ಹತ್ತರ ಅಂಕಿಗೆ ಕೈಯ ಹಿಂಬದಿ, ಬಿಡಿ ಅಂಕಿಗೆ ಅಂಗೈ ತೋರಿಸಬೇಕು. ಎರಡರ ಮಧ್ಯೆ ಒಂದು ಉಸಿರಿನಷ್ಟು ನಿಲ್ಲದಿದ್ದರೆ 23 ಹೋಗಿ 32 ಆಗುತ್ತದೆ, ತಪ್ಪು ಮಾಡದವನಿಗೆ ಐದನೇ ಫೌಲ್ ಬೀಳುತ್ತದೆ. ಬಾಯಲ್ಲೂ ಹೇಳಿ. ಸ್ಕೋರರ್ ತಲೆಯಾಡಿಸುವವರೆಗೆ ಜಾಗ ಬಿಡಬೇಡಿ.

ಜಂಪ್ ಬಾಲ್ ಎಸೆಯುವುದು ಸುಲಭವೆಂದು ಯಾರೂ ಅಭ್ಯಾಸ ಮಾಡುವುದಿಲ್ಲ. ಎಸೆತ ಇಬ್ಬರೂ ಹಾರಿ ಮುಟ್ಟುವ ಎತ್ತರಕ್ಕಿಂತ ಮೇಲೆ ಹೋಗಬೇಕು. ಎತ್ತರದ ಆಟಗಾರರಿದ್ದರೆ 3.05 ಮೀಟರ್ ಎತ್ತರದ ರಿಂಗಿಗಿಂತ ಅರ್ಧ ಮೀಟರ್ ಮೇಲೆ ಎಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಮಣಿಕಟ್ಟು ತಿರುಗಿದರೆ ಬಾಲ್ ಒಂದು ಕಡೆ ವಾಲುತ್ತದೆ, ಹಾಗಾಗಿ ಅಂಗೈ ಮೇಲಿಟ್ಟು ಮೊಣಕಾಲು ಬಗ್ಗಿಸಿ ನೇರ ಎತ್ತುತ್ತೇನೆ. ಎಸೆಯುವಾಗ ಬಾಯಲ್ಲಿ ಸೀಟಿ ಇಟ್ಟುಕೊಳ್ಳಬೇಡಿ, ಯಾರದೋ ಮೊಣಕೈ ತಾಗಿದರೆ ಹಲ್ಲು ಹೋಗುತ್ತದೆ.

ಕೋಚ್‌ಗಳೊಡನೆ ನನ್ನ ಕ್ರಮ ಸರಳ. ಪ್ರಶ್ನೆ ಕೇಳಿದರೆ ಉತ್ತರ, ಕೂಗಿದರೆ ಮೌನ. "ಸಾರ್, ಎಂಟನೇ ನಂಬರ್ ಪ್ರತಿ ಸಲ ಸೊಂಟ ಹಿಡೀತಾನೆ" ಎಂದರೆ "ನೋಡ್ತೀನಿ ಸಾರ್" ಎಂದು ಹೇಳಿ ನಿಜವಾಗಿಯೂ ನೋಡಬೇಕು. ಬೆಂಚಿನಿಂದ ಇಡೀ ಪಂದ್ಯ ಒಂದೇ ಕೋನ ಕಾಣುತ್ತದೆ, ಕೆಲವೊಮ್ಮೆ ನಮಗೆ ಕಾಣದ್ದು ಅವರಿಗೆ ಕಂಡಿರುತ್ತದೆ. ಒಮ್ಮೆ ಎಚ್ಚರಿಕೆ ಕೊಟ್ಟ ಮೇಲೂ ಕೋರ್ಟಿನೊಳಗೆ ಬಂದು ಕೈ ತೋರಿಸಿದರೆ ಟೆಕ್ನಿಕಲ್ (ನಡತೆಯ ತಪ್ಪಿಗೆ ಕೊಡುವ ಫೌಲ್), ಎದುರು ತಂಡಕ್ಕೆ ಒಂದು ಫ್ರೀ ಥ್ರೋ. ಸಿಟ್ಟಿಲ್ಲದ ಮುಖದಲ್ಲಿ ಕೊಟ್ಟ ಟೆಕ್ನಿಕಲ್‌ಗೆ ವಾದ ಕಡಿಮೆ. ಕೊಟ್ಟ ಮೇಲೆ ಆ ಬೆಂಚಿನ ಮುಂದೆ ನಿಲ್ಲದೆ ದೂರ ಸರಿಯಿರಿ.

ಪಂದ್ಯ ಮುಗಿದ ಮೇಲಿನ ಕೆಲಸವನ್ನು ಎನ್‌ಬಿಎಯಿಂದ ಕಲಿತೆ. ಬಿಗಿಯಾಗಿ ಮುಗಿದ ಪಂದ್ಯಗಳ ಕೊನೆಯ ಎರಡು ನಿಮಿಷದ ತೀರ್ಪುಗಳನ್ನು ಅವರು 2015ರಿಂದ ಪ್ರಕಟಿಸುತ್ತಿದ್ದಾರೆ, ನಾಲ್ಕೇ ಬಗೆ: ಸರಿಯಾದ ಸೀಟಿ, ತಪ್ಪು ಸೀಟಿ, ಸರಿಯಾಗಿ ಬಿಟ್ಟದ್ದು, ತಪ್ಪಾಗಿ ಬಿಟ್ಟದ್ದು. ಯಾರಾದರೂ ಮೊಬೈಲಿನಲ್ಲಿ ತೆಗೆದ ವಿಡಿಯೋ ಸಿಕ್ಕರೂ ಸಾಕು, ನೋಟ್‌ಬುಕ್ಕಿನಲ್ಲಿ ಆ ನಾಲ್ಕು ಕಾಲಂ ಎಳೆದು ಕೊನೆಯ ಕ್ವಾರ್ಟರ್ ತುಂಬಿಸುತ್ತೇನೆ. ಐದನೇ ಕಾಲಂ ನನ್ನದೇ ಸೇರ್ಪಡೆ, ಆಗ ನಾನು ಎಲ್ಲಿ ನಿಂತಿದ್ದೆ ಎಂದು. ತಪ್ಪು ಸೀಟಿಗಳ ಎದುರು ಆ ಕಾಲಂನಲ್ಲಿ ಮತ್ತೆ ಮತ್ತೆ ಬರುವುದು ಎರಡೇ ಮಾತು: "ಓಡುತ್ತಿದ್ದೆ", "ನೇರ ಹಿಂದೆ ಇದ್ದೆ". ಮುಂದಿನ ಪಂದ್ಯಕ್ಕೆ ಮುಂಚೆ ಜೊತೆಗಾರರೊಡನೆ ಕೂತಾಗ ಮೊದಲು ತೆರೆಯುವುದು ಆ ಪುಟವನ್ನೇ.