ನ್ಯೂ ಕ್ಯಾಲೆಡೋನಿಯಾದ ರಾಜಕೀಯ ಇತಿಹಾಸವನ್ನು ಓದುವ ಕ್ರಮ

ಪೆಸಿಫಿಕ್ ಸಾಗರದಲ್ಲಿ ಫ್ರಾನ್ಸಿನ ಅಧೀನದಲ್ಲಿರುವ ದ್ವೀಪಸಮೂಹ ನ್ಯೂ ಕ್ಯಾಲೆಡೋನಿಯಾದ ರಾಜಕೀಯವನ್ನು ಅರಿಯಬೇಕಾದರೆ 2024ರ ಗಲಭೆಯಿಂದಲ್ಲ, ಉವೆಯಾ ದ್ವೀಪದ ಗುಹೆಯಲ್ಲಿ ನಡೆದ ಒತ್ತೆಯಾಳು ಪ್ರಕರಣದ ರಕ್ತಪಾತದ ಬೆನ್ನಿಗೇ 1988ರಲ್ಲಿ ಫ್ರಾನ್ಸ್ ಸರ್ಕಾರ, ಸ್ವಾತಂತ್ರ್ಯಪರರು ಮತ್ತು ಸ್ವಾತಂತ್ರ್ಯವಿರೋಧಿಗಳ ನಡುವೆ ಏರ್ಪಟ್ಟ ಮಾತಿನ್ಯೋನ್ ಒಪ್ಪಂದದಿಂದ ಆರಂಭಿಸಬೇಕು. ಬಳಿಕ ಸ್ವಾತಂತ್ರ್ಯದ ಬಗ್ಗೆ ಜನಮತಗಣನೆಗೆ ದಾರಿ ಮಾಡಿದ 1998ರ ನೂಮೆಯಾ ಒಪ್ಪಂದವನ್ನು, ಅದರಲ್ಲೂ ಮತದಾನದ ಹಕ್ಕು ಯಾರಿಗೆ ಎಂಬ ಭಾಗವನ್ನು, ನಿಧಾನವಾಗಿ ಓದಬೇಕು. ತಕರಾರಿನ ಬೇರು ಇರುವುದು ಅಲ್ಲಿಯೇ.

ಜನಮತಗಣನೆಯ ಫಲಿತಾಂಶವನ್ನು ಮತದಾನದ ಪ್ರಮಾಣದ ಜೊತೆಗಿಟ್ಟೇ ತೂಗಬೇಕು. ಸ್ವಾತಂತ್ರ್ಯ ಬೇಡವೆಂದವರು 2018ರಲ್ಲಿ ಸುಮಾರು ಶೇ. 57, 2020ರಲ್ಲಿ ಶೇ. 53, 2021ರಲ್ಲಿ ಆ ಪ್ರಮಾಣ ಶೇ. 96ನ್ನು ದಾಟಿತಾದರೂ, ಮೂಲನಿವಾಸಿ ಕನಾಕ್ ಸಮುದಾಯ ಕೋವಿಡ್ ಸಾವುಗಳ ಶೋಕದಲ್ಲಿದ್ದಾಗ ಸ್ವಾತಂತ್ರ್ಯಪರ ಪಕ್ಷಗಳು ಬಹಿಷ್ಕಾರಕ್ಕೆ ಕರೆ ಕೊಟ್ಟಿದ್ದರಿಂದ, ಮತಗಟ್ಟೆಗೆ ಬಂದವರು ಸುಮಾರು ಶೇ. 44 ಮಾತ್ರ. ಮತದಾನದ ಈ ಪ್ರಮಾಣವನ್ನು ಕೈಬಿಟ್ಟ ಬರಹವನ್ನು ಪಕ್ಕಕ್ಕಿಡುವುದೇ ಲೇಸು. ನಂತರ ಬಂದು ನೆಲೆಸಿದವರನ್ನು ಸೇರಿಸಿ ಪ್ರಾಂತೀಯ ಚುನಾವಣೆಯ ಮತದಾರರ ಪಟ್ಟಿಯನ್ನು ಹಿಗ್ಗಿಸಲು ಪ್ಯಾರಿಸ್ ಮುಂದಾದದ್ದೇ, ಕನಾಕರ ಮತದ ಬಲ ಕುಗ್ಗುವ ಆತಂಕದಿಂದ, 2024ರ ಮೇ ತಿಂಗಳಲ್ಲಿ ಕಿಚ್ಚು ಹೊತ್ತಿಸಿದ್ದು ಏಕೆಂಬುದು ಆಗ ತಿಳಿಯುತ್ತದೆ.