ಮನೆಯ ಕ್ಯಾಸೆಟ್ಟು, ಸಿ.ಡಿ.ಗಳಿಗೆ ಬಹುಕಾಲ ಬಾಳುವ ಪಟ್ಟಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಲವು ಮನೆಗಳ ಅಟ್ಟದಲ್ಲಿ ತಾಳಮದ್ದಲೆಯ (ವೇಷ, ಕುಣಿತವಿಲ್ಲದೆ ಕುಳಿತು ಹಾಡು, ಮಾತುಗಳಲ್ಲೇ ನಡೆಸುವ ಯಕ್ಷಗಾನದ) ಕ್ಯಾಸೆಟ್ಟುಗಳೂ ಮದುವೆಯ ವಿಡಿಯೊ ಟೇಪುಗಳೂ ಇಂದಿಗೂ ಉಳಿದಿವೆ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು ಮೇಲಿನ ಚೀಟಿಯ ಅಕ್ಷರ ಅಳಿಸಿದರೆ, ಒಳಗಿರುವ ದನಿ ಯಾರದೆಂದು ತಿಳಿಯಲು ಅದನ್ನು ಹಾಕಿ ಕೇಳುವುದೊಂದೇ ದಾರಿ. ಆದ್ದರಿಂದ ಪಟ್ಟಿಯನ್ನು ಈಗಲೇ ಮಾಡಬೇಕು.

ಮೊದಲು ಪ್ರತಿಯೊಂದಕ್ಕೂ 001ರಿಂದ ಕ್ರಮಸಂಖ್ಯೆ ಕೊಡಿ. ಕಪಾಟು ಬದಲಾಗಬಹುದಾದ್ದರಿಂದ ಜಾಗದ ಹೆಸರನ್ನು ಸಂಖ್ಯೆಯೊಳಗೆ ಸೇರಿಸಬೇಡಿ. ಸಂಖ್ಯೆಯನ್ನು ಡಬ್ಬಿಯ ಮೇಲಷ್ಟೇ ಅಲ್ಲದೆ ಕ್ಯಾಸೆಟ್ಟಿನ ಮೇಲೂ ಬರೆಯಿರಿ, ಸಿ.ಡಿ.ಯಾದರೆ ನಡುವಿನ ತೂತಿನ ಸುತ್ತಲಿನ ಪಾರದರ್ಶಕ ಭಾಗದಲ್ಲಿ, ಬಾಲ್‌ಪೆನ್ ಬಿಟ್ಟು, ನೀರು ಆಧಾರಿತ ಶಾಯಿಯ ಮಾರ್ಕರಿನಿಂದ ಬರೆಯಿರಿ.

ಅನಂತರ ವಿವರ. 90 ನಿಮಿಷದ ಕ್ಯಾಸೆಟ್ಟಿನ ಒಂದು ಬದಿಯಲ್ಲಿ 45 ನಿಮಿಷ ಮಾತ್ರ ಹಿಡಿಯುವುದರಿಂದ ತಾಳಮದ್ದಲೆಯ ಒಂದೇ ಪ್ರಸಂಗ, ಅಂದರೆ ಕಥೆ, ನಾಲ್ಕೈದು ಕ್ಯಾಸೆಟ್ಟುಗಳಲ್ಲಿ ಹಂಚಿಹೋಗಿರುತ್ತದೆ. ಪ್ರತಿಯೊಂದಕ್ಕೂ ಬೇರೆ ಸಾಲು ಕೊಟ್ಟು, ಎಷ್ಟನೆಯ ಭಾಗವೆಂದು ನಮೂದಿಸಬೇಕು. ಪ್ರಸಂಗ, ಹಾಡಿದ ಭಾಗವತರು, ಸ್ಥಳ ಇವುಗಳ ಜೊತೆಗೆ ಯಾವ ಪಾತ್ರದ ಅರ್ಥವನ್ನು, ಅಂದರೆ ಮಾತನ್ನು, ಯಾರು ಹೇಳಿದ್ದಾರೆ ಎಂಬುದನ್ನು ಬಿಡದೆ ಬರೆಯಿರಿ, ಏಕೆಂದರೆ ಮುಂದೆ ಹುಡುಕುವವರು ಅದನ್ನೇ ಕೇಳುತ್ತಾರೆ. ದನಿ ಕೇಳಿ ಅರ್ಥಧಾರಿಯನ್ನು ಗುರುತಿಸಬಲ್ಲ ಹಿರಿಯರು ಮನೆಯಲ್ಲಿದ್ದರೆ ಈ ಕೆಲಸವನ್ನು ಅವರ ಜೊತೆ ಕುಳಿತೇ ಮಾಡಬೇಕು. ದಿನಾಂಕವನ್ನು 1987-11-04 ಎಂದು ವರ್ಷ, ತಿಂಗಳು, ದಿನದ ಕ್ರಮದಲ್ಲಿ ಬರೆದರೆ, ದಿನಾಂಕದ ಪ್ರಕಾರ ವಿಂಗಡಿಸಿದಾಗ ಪಟ್ಟಿ ಕಾಲಕ್ರಮದಲ್ಲಿ ಜೋಡಣೆಯಾಗುತ್ತದೆ. ಊಹೆಯ ವಿವರಕ್ಕೆ ಪಟ್ಟಿಯಲ್ಲಿ ಬೇರೆ ಅಂಕಣ ಇರಲಿ.

ಪಟ್ಟಿಯನ್ನು ಯಾವುದರಲ್ಲಿ ಇಡಬೇಕು ಎಂಬುದೇ ಮುಖ್ಯ ಪ್ರಶ್ನೆ. ನಾನು ಮೊದಲು ಮೊಬೈಲಿನ ಒಂದು ಆ್ಯಪನ್ನು ನಂಬಿದ್ದೆ. ಅದು ನಿಂತುಹೋದಾಗ ಎರಡು ಮಳೆಗಾಲದ ಶ್ರಮ ಕೈಬಿಟ್ಟಿತು. ಯಾವ ತಂತ್ರಾಂಶದಲ್ಲಾದರೂ ತೆರೆಯಬಹುದಾದ ಸರಳ ಪಠ್ಯದ, ಸಾಲಿನ ವಿವರಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸುವ ಸಿ.ಎಸ್.ವಿ. ಕಡತವೇ ನನ್ನ ಆಯ್ಕೆ. ಸ್ಪ್ರೆಡ್‌ಶೀಟಿನಲ್ಲಿ ತುಂಬಿ, ಉಳಿಸುವಾಗ ಯು.ಟಿ.ಎಫ್.-8 (ಕನ್ನಡ ಸೇರಿ ಹಲವು ಲಿಪಿಗಳಿಗೆ ಒಂದೇ ಸಂಕೇತಕ್ರಮವಾದ ಯೂನಿಕೋಡ್‌ನ ಒಂದು ರೂಪ) ಎಂದಿರುವ ಸಿ.ಎಸ್.ವಿ.ಯನ್ನೇ ಆರಿಸಿ, ಇಲ್ಲವಾದರೆ ಕನ್ನಡ ಅಕ್ಷರಗಳು ಪ್ರಶ್ನೆಚಿಹ್ನೆಗಳಾಗಬಹುದು. ಯೂನಿಕೋಡ್‌ಗೆ ಮೊದಲಿನ ಕನ್ನಡ ಫಾಂಟುಗಳಲ್ಲಿ ಬರೆದ ಹಳೆಯ ಪಟ್ಟಿಯಿದ್ದರೆ ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅದನ್ನು ಓದಲಾಗದು.

ಒಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ಬಂಧುಗಳ ಮನೆಯಲ್ಲಿಡಿ. ಇನ್ನೊಂದನ್ನು ಮುದ್ರಿಸಿ, ಅಟ್ಟದಲ್ಲಿಡದೆ, ಒಣ ಕಪಾಟಿನಲ್ಲಿಡಿ. ಮಳೆಗಾಲದಲ್ಲಿ ಕರೆಂಟಿಲ್ಲದ ದಿನ ಹೊಸ ಕ್ಯಾಸೆಟ್ಟು ಸಿಕ್ಕರೆ ಆ ಮುದ್ರಿತ ಹಾಳೆಯ ಕೊನೆಯಲ್ಲಿ ಮುಂದಿನ ಸಂಖ್ಯೆ ಹಾಕಿ ಪೆನ್ಸಿಲಿನಲ್ಲಿ ಬರೆದಿಟ್ಟು, ಕರೆಂಟು ಬಂದ ಮೇಲೆ ಕಡತಕ್ಕೆ ಏರಿಸಬಹುದು.